ಉಡಿ ತುಂಬಿ ಕಳಿಸಿದ ಕೆಂಪು ಕಾರು

ಮೋಟಾರಿನ ಹುಚ್ಚು ಹತ್ತಿದವರು ನಗೆಪಾಟಲಾಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಸಾಕು, ಒಂದಾದಮೇಲೊಂದು ಹೊರಗೆ ಬರುತ್ತವೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಇಂಥ ಹುಚ್ಚರು ನಾಲ್ಕು ಮಂದಿ ಇದ್ದೆವು. ಇಂಡಿಯಲ್ಲಿ ಟ್ರ್ಯಾಕ್ಟರು, ಲಾರಿಗಳ ಸಾಮಾನಿನ ಅಂಗಡಿ ಇಟ್ಟಿದ್ದ ನಾನು. ಸಿಂದಗಿಯ ಒಬ್ಬ ಡಾಕ್ಟರು. ಬಸವನ ಬಾಗೇವಾಡಿಯ ಒಬ್ಬ ವಕೀಲರು. ಮುದ್ದೇಬಿಹಾಳದಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುತ್ತಿದ್ದ ನನ್ನ ಹೆಂಡತಿಯ ತಮ್ಮ. ರವಿವಾರ ನನ್ನ ಅಂಗಡಿಯಲ್ಲಿ ಕೂಡಿ, ವಿದೇಶಿ ಕಾರುಗಳ ಚಿತ್ರವಿದ್ದ ಹಳೆಯ ಮಾಸಿಕಗಳನ್ನು ತಿರುವುತ್ತ, ತಾಸಿಗೆ ನೂರು ಮೈಲಿ ವೇಗದಲ್ಲಿ ಬ್ರೇಕು ಹೇಗೆ ಹಿಡಿಯುತ್ತದೆಂದು ಜಗಳಾಡುತ್ತಿದ್ದೆವು. ನಮ್ಮಲ್ಲಿ ಒಬ್ಬನೂ ಬಸ್ಸಿಗಿಂತ ಜೋರಾಗಿ ಹೋದವನಲ್ಲ.

ನಮ್ಮದೊಂದು ಕಟ್ಟಳೆ ಇತ್ತು. ನಾಲ್ವರಲ್ಲಿ ಯಾರ ಕೈಗಾದರೂ ಒಂದು ಗಾಡಿ ಬಂದರೆ ಅವನು ಅದನ್ನು ಹೇಗೆ ಬೇಕಾದರೂ ಬದಲಿಸಬಹುದು. ಮಾರುವುದಾದರೆ ಮಾತ್ರ ನಮ್ಮೊಳಗೇ ಮಾರಬೇಕು. ಮಾರುವಾಗ ಅದರ ಊನಗಳನ್ನೆಲ್ಲ ಹೇಳಬೇಕು, ಒಂದು ಗುಟ್ಟನ್ನು ಉಳಿಸಿಕೊಳ್ಳಬಹುದು. ಈ ಕೊನೆಯ ಕಲಮು ಸೇರಿಸಿದವರು ವಕೀಲರು.

ಬರೀ ಬಲಕ್ಕೆ

ಸೊಲ್ಲಾಪುರದಲ್ಲಿ ಗಿರಣಿಯ ಮ್ಯಾನೇಜರೊಬ್ಬರು ಊರು ಬಿಡುವಾಗ ಅವರ ಕೆಂಪು ಸ್ಪೋರ್ಟ್ಸ್ ಕಾರು ನನ್ನ ಪಾಲಿಗೆ ಬಂತು. ಇಂಗ್ಲೆಂಡಿನಲ್ಲಿ ತಯಾರಾದದ್ದು. ಎರಡೇ ಸೀಟು, ಉದ್ದನೆಯ ಮೂತಿ, ಮೇಲೆ ಬಟ್ಟೆಯ ಹೊದಿಕೆ, ಅದೂ ಹರಿದದ್ದು. ಮನೆಯ ಮುಂದೆ ನಿಲ್ಲಿಸಿದಾಗ ಓಣಿಯೇ ನೆರೆಯಿತು. ಇಂಡಿಯಲ್ಲಿ ಲಿಂಬೆಹಣ್ಣಿಗೇನು ಬರ, ಗಾಲಿಗೆ ಎರಡೆರಡು ಇಟ್ಟು ಹೆಂಡತಿ ಆರತಿ ಮಾಡಿದಳು. ಆಮೇಲೆ ಕಾರನ್ನು ಒಂದು ಸುತ್ತು ಹಾಕಿ ಕೇಳಿದಳು:

"ಇನ್ನುಳಿದದ್ದು ಯಾವಾಗ ಬರತೈತ್ರಿ?"

"ಇಷ್ಟ ಇರೂದು," ಎಂದೆ.

"ಹಿಂದಿನ ಸೀಟು?"

"ಇಲ್ಲ."

"ಮ್ಯಾಲಿನ ಛತ್ತು?"

ಓಣಿಯ ಮಂದಿ ನಗತೊಡಗಿದರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎಲ್ಲರ ಮುಂದೆ ಮಾತು ಕೊಟ್ಟುಬಿಟ್ಟೆ: "ಬರೂ ನಾಗರ ಪಂಚಮಿಗೆ ನಿನ್ನ ಇದ ಕಾರಿನ್ಯಾಗ ಕುಂದರಿಸಿ ಮುದ್ದೇಬಿಹಾಳಕ್ಕ, ನಿಮ್ಮ ತವರುಮನಿ ಬಾಗಿಲಕ್ಕ ಮುಟ್ಟಸ್ತೇನಿ. ಮತ್ತ್ಯಾರೂ ಅಲ್ಲ, ನಾನ ಮುಟ್ಟಸ್ತೇನಿ."

"ಆತು, ನೋಡೂಣು," ಎಂದಳು ಅವಳು. ಆ "ನೋಡೂಣು" ನನ್ನನ್ನು ನಾಲ್ಕು ವರ್ಷ ಕಾಡಿತು.

ಮೊದಲ ತೊಂದರೆ ಕಾರಿನ ಎತ್ತರದ್ದು. ಅದರ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿರಲಿಲ್ಲ. ಲಚ್ಯಾಣದ ಹಾದಿಯಲ್ಲಿ ಎತ್ತಿನ ಗಾಡಿಗಳು ಕೊರೆದ ಜಾಡಿನೊಳಗೆ ಇಳಿದಾಗ, ನಡುವಿನ ದಿಬ್ಬದ ಮೇಲೆ ಹೊಟ್ಟೆ ಕೂತು ಹಿಂದಿನ ಎರಡೂ ಗಾಲಿ ಗಾಳಿಯಲ್ಲಿ ತಿರುಗಿದವು. ಹೊಲದಿಂದ ಬಂದ ಒಬ್ಬ ಹಿರಿಯರು ಬಗ್ಗಿ ನೋಡಿ, "ಮಲಗೇತ್ರಿ ಪಾಪ. ಎದ್ದಾಗ ಹೋಗ್ರಿ," ಎಂದು ಎತ್ತು ಹೊಡೆದುಕೊಂಡು ಹೋದರು.

ನಾನು ಬಿಡುವವನೇ? ಜೀಪಿನ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿಗಳನ್ನು, ಹಾಕಿ ಕಾರನ್ನು ಒಂದೂವರೆ ಅಡಿ ಎತ್ತರಿಸಿದೆ. ಹೆಂಡತಿಗೆ ಹತ್ತಲು ಒಂದು ಸ್ಟೂಲು ಬೇಕಾಯಿತು. ಜೊತೆಗೆ ಕಳ್ಳರ ಕಾಟ ಇರಬಾರದೆಂದು, ಎಡಗಡೆ ಕೂತವರ ಕಾಲ ಹತ್ತಿರ ಪೆಟ್ರೋಲಿನ ಕೊಳವೆಗೆ ಒಂದು ಸಣ್ಣ ನಲ್ಲಿ ಕೂಡಿಸಿದೆ. ಅದನ್ನು ಮುಚ್ಚಿದರೆ ಕಾರು ಅರ್ಧ ಮೈಲಿ ಹೋಗಿ ತಾನೇ ನಿಲ್ಲುತ್ತಿತ್ತು. ಇದು ನನಗೂ ಹೆಂಡತಿಗೂ ಮಾತ್ರ ಗೊತ್ತಿದ್ದ ಗುಟ್ಟು.

ಪಂಚಮಿಗೆಂದು ಹೊರಟ ದಿನ ಅವಳು ಇಳಕಲ್ಲ ಸೀರೆ ಉಟ್ಟು, ತೊಡೆಯ ಮೇಲೆ ಎಳ್ಳು, ಶೇಂಗಾದ ಉಂಡಿಯ ಡಬ್ಬಿ ಇಟ್ಟುಕೊಂಡು ಕೂತಳು. ಕಾರು ಮುಂದೆ ಹೋಯಿತು. ಊರ ನಡುವಿನ ಕಟ್ಟೆಯ ಹತ್ತಿರ ನನಗೆ ತಿಳಿದದ್ದೇನೆಂದರೆ, ಎತ್ತರ ಮಾಡಿದ್ದರಿಂದ ಸ್ಟೇರಿಂಗಿನ ರಾಡು ಎಡಕ್ಕೆ ತಿರುಗಿಸಿದರೆ ಪಾಟಾಕ್ಕೆ ಬಡಿಯುತ್ತಿತ್ತು. ಕಾರು ಬಲಕ್ಕೆ ಮಾತ್ರ ಹೊರಳುತ್ತಿತ್ತು. ಕಟ್ಟೆಯ ಸುತ್ತ ಮೂರು ಸಲ ಬಂದೆವು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತು ಕೈಮುಗಿದರು.

ಹೆಂಡತಿ ಶಾಂತವಾಗಿ ಹೇಳಿದಳು: "ಪ್ರದಕ್ಷಿಣಿ ಮೂರಾದ್ವು. ಇನ್ನ ನನ್ನ ಬಸ್ ಸ್ಟ್ಯಾಂಡಿಗೆ ಬಿಡ್ರಿ."

"ಬಸ್ ಸ್ಟ್ಯಾಂಡ್ ಎಡಕ್ಕೈತಿ," ಎಂದೆ.

ಡಾಕ್ಟರಿಗಿಂತ ಕಾರು ವಾಸಿ

ಸಿಂದಗಿಯ ಡಾಕ್ಟರು ತಮ್ಮ ಮೋಟಾರ್ ಸೈಕಲ್ಲು ನನಗೆ ಕೊಟ್ಟು ಕಾರು ಒಯ್ದರು. ಒಯ್ಯುವ ಮುಂಜಾನೆ ನನ್ನ ಹೆಂಡತಿ ಒಳಗಿನಿಂದ ತಟ್ಟೆ ತಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಒಂದು ಜಂಪರ್ ಖಣ. ಎಲ್ಲವನ್ನೂ ಸೀಟಿನ ಮೇಲೆ ಇಟ್ಟು ಕುಂಕುಮ ಹಚ್ಚಿದಳು.

"ಏನ್ ನಡಿಸೀರಿ ತಂಗಿ?" ಎಂದರು ಡಾಕ್ಟರು.

"ನಮ್ಮನ್ಯಾಗ ವರ್ಷ ಇದ್ದ ಹೆಣ್ಣಮಗಳು. ಬರೇ ಉಡೀಲೆ ಹೆಂಗ ಕಳಸೂದ್ರಿ? ಉಡಿ ತುಂಬೀನಿ."

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡಾಕ್ಟರು ಆ ಖಣವನ್ನು ಕಣ್ಣಿಗೊತ್ತಿಕೊಂಡರು. ನಗಬಾರದಿತ್ತು ಎಂದು ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು.

ಡಾಕ್ಟರು ನನ್ನ ಪಾಟಾ ತೆಗೆಸಿ, ಸ್ಟೇರಿಂಗು ರಿಪೇರಿ ಮಾಡಿಸಿ, ಇಂಜಿನ್ನಿನ ದನಿ ಚೆನ್ನಾಗಿ ಕೇಳಲೆಂದು ಸೈಲೆನ್ಸರನ್ನು ಅರ್ಧಕ್ಕೆ ಕತ್ತರಿಸಿದರು. ಅದು ಒಂದು ಊರಿಗೆ ಬಂದರೆ ಮುಂದಿನ ಊರಿನ ನಾಯಿ ಬೊಗಳುತ್ತಿತ್ತು. ಮೋರಟಗಿಯಲ್ಲಿ ಒಬ್ಬ ಅಜ್ಜ ವಾರದಿಂದ ಹಾಸಿಗೆ ಹಿಡಿದಿದ್ದ. ಎಬ್ಬಿಸಿ ಕೂಡಿಸಿದರೂ ಕೂಡುತ್ತಿರಲಿಲ್ಲ. ಡಾಕ್ಟರ ಕಾರು ಅಂಗಳಕ್ಕೆ ಬಂದು ಗುಡುಗಿದ ಕೂಡಲೇ ಅಜ್ಜ ಎದ್ದು, ಧೋತರ ಬಿಗಿದುಕೊಂಡು, ಹೊರಗೆ ಬಂದು ಕಾರನ್ನು ಎರಡು ಸುತ್ತು ಹಾಕಿದ. ಗಾಲಿ ಒದ್ದು ನೋಡಿದ. ರೊಟ್ಟಿ ಬೇಡಿ ಉಂಡ. ಡಾಕ್ಟರು ಇನ್ನೂ ಪೆಟ್ಟಿಗೆ ತೆರೆದಿರಲಿಲ್ಲ.

ಅಲ್ಲಿಂದ ಮುಂದೆ ಆ ಕಾರಿನ ಗುಣದ ಸುದ್ದಿ ಸುತ್ತಲಿನ ಹಳ್ಳಿಗಳಿಗೆಲ್ಲ ಹಬ್ಬಿತು.

ಪಂಚಮಿಗೆ ಕಾರು ಕೊಡುತ್ತೇನೆಂದು ಡಾಕ್ಟರು ಮಾತು ಕೊಟ್ಟಿದ್ದರು. ಹಬ್ಬದ ಮುನ್ನಾದಿನ ನಾನು ಸಿಂದಗಿಗೆ ಹೋದರೆ ಡಾಕ್ಟರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕಾರು ಕಾಣಲಿಲ್ಲ.

"ಕಾರ್ ಎಲ್ಲೈತ್ರಿ?"

"ಪೇಷಂಟ್ ನೋಡಾಕ ಹೋಗೇತಿ. ಡ್ರೈವರ್ ಒಯ್ದಾನ."

"ಮತ್ತ ನೀವು ಇಲ್ಲೇ ಅದೀರಲ್ಲ?"

ಡಾಕ್ಟರು ಶೇಂಗಾ ಬಾಯಿಗೆ ಹಾಕಿಕೊಂಡು, ಸ್ವಲ್ಪ ಬೇಸರದಿಂದಲೇ ಹೇಳಿದರು: "ಅವರು ನನ್ನ ಕರದಿಲ್ರಿ."

ನನ್ನ ಹೆಂಡತಿ ಆ ವರ್ಷವೂ ಬಸ್ಸಿಗೆ ಹೋದಳು.

ಮುಂದಿನ ತಾರೀಖು

ಡಾಕ್ಟರಿಗೆ ಕಾರಿನ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದರಿಂದ ಅದು ಬಾಗೇವಾಡಿಯ ವಕೀಲರ ಕೈಗೆ ಹೋಯಿತು. ವಕೀಲರ ತೊಂದರೆ ಧೂಳಿನದು. ಮನೆಯಿಂದ ಕೋರ್ಟು ಮುಟ್ಟುವುದರೊಳಗೆ ಅವರ ಕರೀ ಕೋಟು ಗೋಧಿ ಹಿಟ್ಟಿನ ಚೀಲವಾಗುತ್ತಿತ್ತು. ಹರಿದ ಹೊದಿಕೆ ತೆಗೆದು ಗಟ್ಟಿ ಮಾಡು ಹಾಕಿಸಬೇಕೆಂದರು. ಊರಿನಲ್ಲಿ ತಗಡಿನ ಕೆಲಸ ಚೊಕ್ಕ ಮಾಡುವವನು ಒಬ್ಬನೇ. ಮದುವೆಗೆ ಕೊಡುವ ಟ್ರಂಕು ಮಾಡುವವನು.

ಅವನು ಬಹಳ ನಿಷ್ಠೆಯಿಂದ ಮಾಡಿದ. ತಗಡು ಬಗ್ಗಿಸಿ ಹೊದಿಸಿ, ಮೇಲೆ ಹಸಿರು ಬಣ್ಣ ಬಳಿದು, ನಾಲ್ಕು ಮೂಲೆಗೆ ಗುಲಾಬಿ ಹೂ ಬರೆದ. ಬಾಗಿಲುಗಳೂ ಸರಿಯಾಗಿ ಕೂಡಲಿಲ್ಲವೆಂದು, ಕೈಯ ರೂಢಿಯಂತೆ, ಎರಡಕ್ಕೂ ಹೊರಗಡೆ ಕೊಂಡಿ ಚಿಲಕ ಹಾಕಿದ.

ಆ ವರ್ಷದ ಪಂಚಮಿಗೆ ವಕೀಲರು ತಾವಾಗಿಯೇ ಕಾರು ಕಳಿಸಿದರು. ಹೆಂಡತಿ ಅದರ ಗುಲಾಬಿ ನೋಡಿ, "ಟ್ರಂಕಿನ್ಯಾಗ ಸೀರಿ ಕಳಸ್ತಾರ್ರಿ, ಉಟಗೊಂಡಾಕಿನ್ನ ಅಲ್ಲ," ಎಂದು ಬಸ್ಸು ಹತ್ತಿದಳು. ನನಗೆ ನಿಜಕ್ಕೂ ಕೆಟ್ಟದೆನಿಸಿತು. ಮೂರು ಪಂಚಮಿ ಕಳೆದಿದ್ದವು, ನಾನು ಕೊಟ್ಟ ಮಾತು ಓಣಿಯವರ ಬಾಯಲ್ಲಿ ಇನ್ನೂ ಇತ್ತು.

ವಕೀಲರಿಗೆ ಒಬ್ಬ ಕಕ್ಷಿದಾರನಿದ್ದ. ಬದುವಿನ ತಕರಾರು. ಏಳು ವರ್ಷದಿಂದ ಕೋರ್ಟಿಗೆ ಬಂದು ಮುಂದಿನ ತಾರೀಖು ಕೇಳಿಕೊಂಡು ಹೋಗುತ್ತಿದ್ದ. ಒಂದು ದಿನ ವಕೀಲರು ಅವನನ್ನು ದೂರದಿಂದ ಕಂಡು, ಕಣ್ಣು ತಪ್ಪಿಸಲೆಂದು ಅವಸರದಿಂದ ಕಾರಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡರು. ಎಳೆದ ರಭಸಕ್ಕೆ ಹೊರಗಿನ ಚಿಲಕ ಬಿತ್ತು. ಆ ಕಡೆಯದು ಮೊದಲೇ ಬಿದ್ದಿತ್ತು. ಕಿಟಕಿಯೆಂದರೆ ಕೈ ಹಿಡಿಯುವಷ್ಟು ಒಂದು ಸಂದು. ವೈಶಾಖದ ಬಿಸಿಲು, ಮೇಲೆ ತಗಡು.

ಕಕ್ಷಿದಾರ ನಿಧಾನವಾಗಿ ಬಂದು ಸಂದಿಯಲ್ಲಿ ಇಣುಕಿದ.

"ಯಪ್ಪಾ, ಚಿಲಕಾ ತಗಿಯೋ," ಎಂದರು ವಕೀಲರು.

"ತಗೀತೇನ್ರಿ," ಎಂದು ಅವನು ಬೇವಿನ ನೆರಳಿಗೆ ಹೋಗಿ ಕೂತು, ತಂಬಾಕು ತಿಕ್ಕತೊಡಗಿದ. "ಮುಂದಿನ ತಾರೀಖಿಗೆ."

ಮಗಳ ತವರು

ಆ ಮೊಕದ್ದಮೆ ಆ ತಿಂಗಳೇ ಮುಗಿಯಿತು. ಕಾರು ನನ್ನ ಹೆಂಡತಿಯ ತಮ್ಮನ ಪಾಲಾಗಿ ಮುದ್ದೇಬಿಹಾಳ ಸೇರಿತು. ಅವನು ನಮ್ಮ ನಾಲ್ವರಲ್ಲಿ ಕಟ್ಟಾ ಸಂಪ್ರದಾಯಸ್ಥ. ಟ್ರಂಕಿನ ಮಾಡು ಕಿತ್ತು, ಹೊಸ ಸೈಲೆನ್ಸರು ಹಾಕಿ, ಮಾಸಿಕದ ಚಿತ್ರ ಮುಂದಿಟ್ಟುಕೊಂಡು ಕಾರನ್ನು ಇದ್ದ ಹಾಗೆಯೇ ಮಾಡಿದ. ಕೆಂಪು ಬಣ್ಣ ಎಂಥದೆಂದರೆ, ಅದರಲ್ಲಿ ಮೀಸೆ ತಿದ್ದಿಕೊಳ್ಳಬಹುದಿತ್ತು. ಪಂಚಮಿಗೆ ಒಂದು ದಿನ ಕೊಡು ಎಂದು ಕೇಳಿದೆ.

"ಮಾವಾರ, ಜೀವಾ ಕೇಳ್ರಿ ಕೊಡ್ತೇನಿ. ಇದನ್ನ ನೀವು ಮುಟ್ಟಬ್ಯಾಡ್ರಿ. ನೀವು ಮುಟ್ಟಿದ್ರ ಬರೇ ಬಲಕ್ಕ ಹೋಗತೈತಿ."

ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ಹೆಂಡತಿ ತಮ್ಮನಿಗೆ ಒಂದು ಕಾರ್ಡು ಬರೆದಳು: "ನಮ್ಮ ಮಗಳು ನಿಮ್ಮನ್ಯಾಗ ಅದಾಳ. ನಾ ಉಡಿ ತುಂಬಿ ಕಳಿಸಿದಾಕಿ. ಎರಡು ಪಂಚಮಿ ಆತು, ಯಾರೂ ತವರಿಗೆ ಕರಕೊಂಡು ಬಂದಿಲ್ಲ. ಈ ಸಲ ಕರಕೊಂಡು ಬಾ."

ತಮ್ಮ ಇದನ್ನು ಓದಿ ನಕ್ಕನಂತೆ. ಅವರ ತಾಯಿ, ಅಂದರೆ ನಮ್ಮ ಅತ್ತೆ, ನಗಲಿಲ್ಲ. "ಉಡಿ ತುಂಬಿಸಿಕೊಂಡು ಬಂದಾಕಿನ್ನ ಪಂಚಮಿಗೆ ತವರಿಗೆ ಕಳಸಲಿಲ್ಲಂದ್ರ ನಮ್ಮ ಮನಿಗೆ ಚಲೋ ಅಲ್ಲ. ಕರಕೊಂಡ ಹೋಗು. ಬರಬೇಕಾದ್ರ ಅಕ್ಕನ್ನ ಕರಕೊಂಡ ಬಾ," ಎಂದರು. ಅತ್ತೆಯ ಮಾತಿಗೆ ಅಪೀಲು ಇರಲಿಲ್ಲ.

ಹೀಗೆ ಕಾರು ತನ್ನ ತವರಾದ ಇಂಡಿಗೆ ಬಂತು. ಹೆಂಡತಿ ಅದಕ್ಕೆ ಎಣ್ಣೆ ಅರಿಷಿಣ ಹಚ್ಚಿ, ಸ್ಟೇರಿಂಗಿಗೆ ಹಸಿರು ಬಳೆ ಕಟ್ಟಿದಳು. ಮರುದಿನ ಮುಂಜಾನೆ ಹೊರಡುವಾಗ ಬಲಕ್ಕೆ ತಮ್ಮ ಕೂತ, ಎಡಕ್ಕೆ ಅಕ್ಕ ಕೂತಳು. ನಾನು ನಿಂತೇ ಇದ್ದೆ.

"ನೀವು ಬಸ್ಸಿಗೆ ಬರ್ರಿ," ಎಂದಳು. "ಡಬ್ಬಿ ನೀವ ಹಿಡಕೋರಿ, ಇಲ್ಲಿ ಜಾಗಾ ಇಲ್ಲ."

ನಾಲ್ಕು ವರ್ಷದ ಮಾತು ಹೀಗೆ ಮುಗಿಯಿತಲ್ಲ ಎಂದು ಹೊಟ್ಟೆ ಉರಿಯಿತು. ಬಿಜಾಪುರದಲ್ಲಿ ಬಸ್ಸು ಬದಲಿಸಿ, ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕೂತೆ. ಬಾಗೇವಾಡಿಯಲ್ಲಿ ನೋಡಿದರೆ ಕಾರು ಗುಡಿಯ ಮುಂದೆ ನಿಂತಿತ್ತು. ತಮ್ಮ ಅದಕ್ಕೆ ಒರಗಿ ಗಡಿಯಾರ ನೋಡುತ್ತಿದ್ದ. ಅಕ್ಕ ದರ್ಶನ ಮುಗಿಸಿ ಹೊರಗೆ ಬರುವುದಕ್ಕೂ ನಮ್ಮ ಬಸ್ಸು ಬಿಡುವುದಕ್ಕೂ ಸರಿಹೋಯಿತು. ಕಾರು ನಮ್ಮನ್ನು ದಾಟಿ ಹೋಗುವಾಗ ಬಸ್ಸಿನ ಮಂದಿಯೆಲ್ಲ ಒಂದೇ ಕಡೆ ವಾಲಿ ನೋಡಿದರು. ಅದರಲ್ಲಿ ಕೂತವಳು ನನ್ನ ಹೆಂಡತಿ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ನೀವ್ಯಾಕೆ ಇಲ್ಲಿ ಎಂದು ಕೇಳುತ್ತಿದ್ದರು.

ಮುದ್ದೇಬಿಹಾಳ ಇನ್ನೊಂದು ಮೈಲಿ ಇರುವಾಗ ಬಸ್ಸು ನಿಂತಿತು. ಹಾದಿಯ ಮೇಲೆ ಕೆಂಪು ಕಾರು. ತಮ್ಮನ ಅರ್ಧ ಮೈ ಬಾನೆಟ್ಟಿನ ಒಳಗಿತ್ತು. ಹೆಂಡತಿ ಸೀಟಿನ ಮೇಲೆ ಆರಾಮಾಗಿ ಕೂತು ಬಿಸಿಲಿಗೆ ಸೆರಗು ಹೊದ್ದಿದ್ದಳು. ನಾನು ಡಬ್ಬಿ ಸಮೇತ ಇಳಿದು, ಅದನ್ನು ಅವಳ ಕೈಗೆ ಕೊಟ್ಟು, ಇಂಜಿನ್ನಿಗೆ ಕೈ ಹಾಕಹೋದೆ.

"ಮಾವಾರ, ಮುಟ್ಟಬ್ಯಾಡ್ರಿ," ಎಂದ ತಮ್ಮ. ಅವನ ದನಿ ಅಳುವಂತಿತ್ತು. "ಬೇಕಾದ್ರ ದಬ್ಬ್ರಿ."

ಬಸ್ಸಿನವರೆಲ್ಲ ಇಳಿದು ಒಂದಷ್ಟು ದಬ್ಬಿದರು, ಶುರುವಾಗಲಿಲ್ಲ. ಕಂಡಕ್ಟರ್ ಸೀಟಿ ಊದಿ ತನ್ನವರನ್ನು ಕರೆದುಕೊಂಡು ಹೋದ. ಉಳಿದವರು ನಾವು ಮೂವರೇ. ತಮ್ಮ ಬಾಗಿಲ ಪಕ್ಕ ನಡೆಯುತ್ತ ಸ್ಟೇರಿಂಗು ಹಿಡಿದ. ನಾನು ಹಿಂದೆ ನಿಂತು, ಕೋಟು ತೆಗೆದು, ಒಂದು ಮೈಲಿ ದಬ್ಬಿದೆ. ಬೆವರು ಕಣ್ಣಿಗಿಳಿಯಿತು. ಆದರೂ ಸುಳ್ಳೇಕೆ ಹೇಳಲಿ, ಕೊನೆಗೊಮ್ಮೆ ಆ ಕಾರಿನಲ್ಲಿ ಅವಳನ್ನು ಮುಂದೆ ಕಳಿಸುತ್ತಿದ್ದೇನೆಂದು ಒಳಗೊಳಗೆ ಹಿಗ್ಗೂ ಆಗಿತ್ತು. ಮನೆಯ ಬಾಗಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದರು. ಮೊದಲು ಮಗಳಿಗೆ ಬೆಳಗಿದರು, ಆಮೇಲೆ ಕಾರಿಗೆ. ನನಗೆ ಒಂದು ತಂಬಿಗೆ ನೀರು ಕೊಟ್ಟರು.

ಸಂಜೆ ಹೆಂಡತಿಯ ತಮ್ಮ ಅಂಗಡಿಗೆ ಹೋದಾಗ ನಾನು ಕದ್ದು ಕಾರಿನೊಳಗೆ ಬಗ್ಗಿದೆ. ಆಗ ನೆನಪಾಯಿತು, ನಾಲ್ಕು ವರ್ಷದ ಹಿಂದೆ ನಾನೇ ಕೂಡಿಸಿ, ಮಾರುವಾಗ ಹೇಳದೆ ಉಳಿಸಿಕೊಂಡ ಗುಟ್ಟು. ಎಡ ಸೀಟಿನವರ ಕಾಲ ಹತ್ತಿರದ ಪೆಟ್ರೋಲ್ ನಲ್ಲಿ ಗಟ್ಟಿಯಾಗಿ ಮುಚ್ಚಿತ್ತು.

ಹಿಂದೆ ಬಳೆಯ ಸದ್ದಾಯಿತು.

"ನೀನ ಮುಚ್ಚಿದಿ?" ಎಂದೆ.

"ಹೌದ್ರಿ. ನಾನ ಮುಟ್ಟಸ್ತೇನಿ ಅಂತ ಓಣಿ ಮಂದಿ ಮುಂದ ಹೇಳಿದವರು ನೀವು. ತಮ್ಮ ಮುಟ್ಟಿಸಿದ್ರ ನಿಮ್ಮ ಮಾತು ಸುಳ್ಳ ಆಗತಿತ್ತು. ಅದಕ್ಕ ಬಸ್ ಬರೂತನಕಾ ಗುಡ್ಯಾಗ ಕುಂತಿದ್ದೆ."

ನನ್ನ ಕಣ್ಣು ಒದ್ದೆಯಾದವು. ರಟ್ಟೆ ನೋಯುತ್ತಿದ್ದದ್ದೂ ಖರೆ.

"ಅಲ್ಲಾ, ಕಿವ್ಯಾಗ ಒಂದ ಮಾತು ಹೇಳಿದ್ರ ನಲ್ಲಿ ತಗದು, ತಮ್ಮನ್ನ ಇಳಿಸಿ, ನಾನ ಓಡಿಸಿಕೊಂಡು ಬರತಿದ್ದೆ. ಮೈಲಿ ದಬ್ಬೂದ ತಪ್ಪತಿತ್ತು."

ಅವಳು ಉಂಡಿಯ ಡಬ್ಬಿ ತೆರೆದು ನನ್ನ ಕೈಗೊಂದು ಇಟ್ಟಳು.

"ಹೆಂಗ ಬರತಿದ್ರಿ?" ಎಂದಳು. "ನಮ್ಮ ಮನಿ ಎಡಕ್ಕೈತಿ."