ಕರೆಂಟು ಹೋದಾಗ ಓದುವ ಕಾದಂಬರಿ

ಭೀಮರಾಜನಿಗೆ ಇದ್ದದ್ದು ಒಂದೇ ಚಟ. ತನಗೆ ಹಿಡಿಸಿದ ಕಾದಂಬರಿಯನ್ನು ಕಂಡಕಂಡವರ ತಲೆಗೆ ಕಟ್ಟುವುದು.

ದೊಡ್ಡಬಳ್ಳಾಪುರದಲ್ಲಿ ಆದಿನಾರಾಯಣಪ್ಪನವರ ಸೀರೆ ಮಗ್ಗದ ಶೆಡ್ಡಿನಲ್ಲಿ ಅವನು ನೇಯುತ್ತಿದ್ದ. ಮಗ್ಗ ಓಡುವಾಗ ಪಕ್ಕದವರು ಕೂಗಿದರೂ ಕೇಳಿಸದು. ಹಾಗಾಗಿ ಕರೆಂಟು ಹೋದಾಗಲೇ ಅವನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಈಗ ನಡೆದಿದ್ದದ್ದು ಗಿರಣಿ ಕೆಲಸದ ರಂಗಿ ತನ್ನ ಧಣಿಗೆ ಎದುರು ನಿಲ್ಲುವ ಕತೆ. ಇದನ್ನು ಕೇಳಿದವರು ಯಾರಿಗೂ ಹೆದರುವುದಿಲ್ಲ ಎಂದು ಜೊತೆಯವರಿಗೆಲ್ಲ ಹೇಳಿದ್ದ. ಮೀಟರ್ ಬೋರ್ಡಿನ ಕೆಳಗೆ ಅವರೆಕಾಯಿ ಸುಲಿಯುತ್ತ ಕೂರುವ ಯಜಮಾನರ ತಾಯಿ ಪಾಪಮ್ಮನನ್ನೂ ಬಿಟ್ಟಿರಲಿಲ್ಲ.

ಆವತ್ತು ಬೆಳಗ್ಗೆ ಕರೆಂಟು ಹೋಯಿತು. ಭೀಮರಾಜ ಓದತೊಡಗಿದ. ಕತೆಯಲ್ಲಿ ಯಂತ್ರ ನಿಲ್ಲಿಸಿದ್ದು ಯಾರೆಂದು ಧಣಿ ಗುಡುಗಿದ, ರಂಗಿ ಎದ್ದು ನಿಂತಳು, ಅಷ್ಟರಲ್ಲಿ ಹಾಳು ಕರೆಂಟು ಬಂದುಬಿಟ್ಟಿತು.

ಊಟದ ಹೊತ್ತಿಗೆ ಮತ್ತೆ ಹೋಯಿತು. ಭೀಮರಾಜ ಖುಷಿಯಿಂದ ಪುಸ್ತಕ ತೆಗೆದ. ಪಕ್ಕದ ಮಗ್ಗದ ಶಿಲ್ಪ ಕೈ ಎತ್ತಿ ತಡೆದಳು. ಗೋಡೆಯಾಚೆಯ ಶೆಡ್ಡಿನ ಮಗ್ಗಗಳು ಟಕಟಕ ಎನ್ನುತ್ತಲೇ ಇದ್ದವು. ಅಂದರೆ ಬೀದಿಗೆಲ್ಲ ಕರೆಂಟಿದೆ. ಇಲ್ಲಿ ಮಾತ್ರ ಯಾರೋ ಮೇನ್ ಸ್ವಿಚ್ ಎಳೆದಿದ್ದಾರೆ.

ಸಂಜೆಗೆ ಮದುವೆ ಸೀರೆಗಳು ಹೋಗಬೇಕಿತ್ತು. ಆದಿನಾರಾಯಣಪ್ಪ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತ ಬಂದರು. ಎಳೆದವರು ಒಪ್ಪಿಕೊಂಡರೆ ಅವರೊಬ್ಬರಿಗೆ ಮಗ್ಗವಿಲ್ಲ, ಒಪ್ಪಿಕೊಳ್ಳದಿದ್ದರೆ ಎಲ್ಲರ ವಾರದ ಕೂಲಿಯೂ ಇಲ್ಲ ಎಂದರು.

ಎಲ್ಲರ ಕಣ್ಣು ಭೀಮರಾಜನ ಮೇಲೆ. ಒಂದು ಶೆಡ್ಡು ಬಿಡಿಸಿದವನನ್ನು ಇನ್ನೊಂದು ಶೆಡ್ಡು ಸೇರಿಸುವುದಿಲ್ಲ. ಧಣಿಗಳೆಲ್ಲ ಕಾಫಿ ಕುಡಿಯುವುದು ಒಂದೇ ಹೋಟೆಲಿನಲ್ಲಿ.

ಶಿಲ್ಪ ಪಿಸುಗುಟ್ಟಿದಳು. "ಊರಿಗೆಲ್ಲ ಓದಿ ಓದಿ ಅಂತೀಯಲ್ಲಣ್ಣ, ನೀನು ಓದಿದ್ಯೋ ಇಲ್ವೋ?"

ತನ್ನನ್ನು ಮುಂದೆ ನೂಕುತ್ತಿದ್ದಾಳೆಂದರೆ ಅವಳೇ ಎಳೆದಿರಬೇಕು ಅಂದುಕೊಂಡ ಭೀಮರಾಜ. ಮನೆಯಲ್ಲಿ ಮೂರು ಮಕ್ಕಳು, ಪಾಪ. ರಂಗಿಯಂತೆಯೇ ಎದ್ದು ನಿಂತ.

"ನಾನೇ ಎಳ್ದಿದ್ದು ಯಜಮಾನ್ರೇ."

ಯಜಮಾನರು ಬೋರ್ಡಿನ ಹತ್ತಿರ ಹೋಗಿ ಸ್ವಿಚ್ಚಿನ ಹಿಡಿ ಮೇಲೆತ್ತಿದರು. ಕೈ ಅಂಟಂಟಾಯಿತು. ಮೂಸಿ ನೋಡಿದರು. ಅವರೆಕಾಯಿ ಸೊಗಡು ಘಮ್ಮೆಂದಿತು. ಮೆಲ್ಲಗೆ ತಾಯಿಯ ಕಡೆ ತಿರುಗಿದರು.

"ರಂಗಿ ಏನಂದ್ಲು ಅಂತ ತಿಳೀದೆ ನಂಗೆ ಅನ್ನ ಸೇರ್ತಿಲ್ಲ ಕಣೋ," ಎಂದಳು ಪಾಪಮ್ಮ, ಮೊರದಿಂದ ತಲೆ ಎತ್ತದೆ. "ಅವ್ನು ಹೇಳಿದ್ದು ನಿಜ. ಕತೆ ಕೇಳ್ದ ಮೇಲೆ ನಿನ್ನ ಕಂಡ್ರೂ ಹೆದ್ರಿಕೆ ಇಲ್ಲ."

ಮಗ್ಗಗಳು ಮತ್ತೆ ಹೊರಟಿದ್ದವು. ಆ ಸದ್ದಿನಲ್ಲಿ ಅವಳ ಮಾತು ಕೇಳಿದ್ದು ಹತ್ತಿರವಿದ್ದ ಮಗನಿಗೆ, ಹಿಂದೆಯೇ ಬಂದ ಭೀಮರಾಜನಿಗೆ ಮಾತ್ರ. ಬದುಕಿದೆ ಅಂದುಕೊಂಡ ಅವನು.

ಆದಿನಾರಾಯಣಪ್ಪ ಅವನ ಹೆಗಲ ಮೇಲೆ ಕೈ ಹಾಕಿ, ಕಿವಿಗೆ ಬಾಯಿಟ್ಟರು.

"ನೋಡಪ್ಪಾ, ನೀನು ಎಲ್ಲರ ಎದುರಿಗೆ ಒಪ್ಕೊಂಡಿದ್ದೀಯ. ನಮ್ಮಮ್ಮನ ಹೆಸರು ಹೇಳಿ ಮರ್ಯಾದೆ ಕಳ್ಕೊಳ್ಳೋಕೆ ನನ್ನಿಂದಾಗಲ್ಲ. ನಾಳೆಯಿಂದ ನಿನಗೆ ಮಗ್ಗ ಇಲ್ಲ. ದಿನಾ ಬಂದು ಅಮ್ಮಂಗೆ ಕತೆ ಓದು. ಇದಾದ್ಮೇಲೆ ಯಾವ ಪುಸ್ತಕ ಚೆನ್ನಾಗಿದೆ ಅಂತ ನೀನೇ ಹೇಳ್ಬಿಡು."

"ಕೂಲಿ?" ಎಂದ ಭೀಮರಾಜ.

ಯಜಮಾನರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಕತೆ ಓದೋದಕ್ಕೆ ಕೂಲಿ ಏನಪ್ಪಾ?"