ಡೇರೆ ಗಡ್ಡೆ ಹುಡುಕಿಕೊಂಡು ನಾಲ್ಕು ತಾಲ್ಲೂಕು

ಮೂವತ್ನಾಲ್ಕು ವರ್ಷ ದನಗಳ ದವಾಖಾನೆಯಲ್ಲಿ ದುಡಿದ ಮೇಲೆ ನನಗೆ ಒಂದಂತೂ ಖಾತ್ರಿಯಾಗಿದೆ: ನಗು ಬರುವ ಸಂಗತಿಗಳು ನಗಬಾರದ ಹೊತ್ತು ನೋಡಿಕೊಂಡೇ ಬರುತ್ತವೆ. ಸತ್ತ ಎಮ್ಮೆಯ ಸುತ್ತ ಮನೆಮಂದಿಯೆಲ್ಲ ಕೂತು ಅಳುವಾಗ ಅವರ ಮನೆಯ ಕೋಳಿ ಹಾರಿ ಬಂದು ನನ್ನ ತಲೆಯ ಮೇಲೆ ಕೂತದ್ದುಂಟು. ಅದನ್ನು ಓಡಿಸುವುದೋ, ಹಾಗೇ ನಿಂತು ಸಮಾಧಾನ ಹೇಳುವುದೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ರಿಟೈರ್ ಆಗಿ ಎರಡು ವರ್ಷವಾಯಿತು, ಇನ್ನು ಇಂಥವು ತಪ್ಪಿದವು ಅಂದುಕೊಂಡಿದ್ದೆ. ತಪ್ಪಲಿಲ್ಲ. ಈ ಬೇಸಿಗೆಯಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೋದ ಭಾದ್ರಪದದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಆಕೆಗೆ ಒಂದು ಬಗೆಯ ಡೇರೆ, ಅಂದರೆ ಡೇಲಿಯಾ, ಹೂವಿನ ಮೇಲೆ ಜೀವ. ಕಡುಗೆಂಪು ಬಣ್ಣ, ಎಸಳಿನ ತುದಿಗಷ್ಟೇ ಸುಣ್ಣ ಮುಟ್ಟಿಸಿದ ಹಾಗೆ ಬಿಳುಪು. ಮದುವೆಯಾಗಿ ತಿಳವಳ್ಳಿಯಿಂದ ಬರುವಾಗ ಅವರವ್ವ ಉಡಿ ತುಂಬಿ, ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆ ಹೊಲಿಸಲು ಕೊಡುವ ಕುಬಸದ ಕಣದ ಜೊತೆ ಅದರ ಮೂರು ಗಡ್ಡೆಗಳನ್ನೂ ಸೆರಗಿಗೆ ಹಾಕಿದ್ದಳಂತೆ. ನನಗೆ ವರ್ಗವಾದಾಗಲೆಲ್ಲ ಆ ಗಡ್ಡೆಗಳ ಗಡಿಗೆಯನ್ನು ಆಕೆ ಲಾರಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು. ಬಿಟ್ಟು ಬರುವ ಊರಿನಲ್ಲಿ ತನಗೆ ಬೇಕಾದ ಒಬ್ಬ ಹೆಂಗಸಿಗೆ ಉಡಿ ತುಂಬಿ, ಅದರಲ್ಲಿ ನಾಲ್ಕು ಗಡ್ಡೆ ಹಾಕಿ ಬರುತ್ತಿದ್ದಳು. ಹಾಗೆ ಸವಣೂರಿನಲ್ಲಿ ಒಬ್ಬಳಿಗೆ, ಶಿಗ್ಗಾಂವಿಯಲ್ಲಿ ಒಬ್ಬಳಿಗೆ, ಹಿರೇಕೆರೂರಿನ ಕಡೆ ಮಾಸೂರಿನಲ್ಲಿ ಒಬ್ಬಳಿಗೆ ಕೊಟ್ಟು, ಕಡೆಗೆ ನಾವು ಹಾನಗಲ್ಲಿನಲ್ಲಿ ಮನೆ ಕಟ್ಟಿ ನಿಂತೆವು.

ಜೀವ ಹೋಗುವ ನಾಲ್ಕು ದಿನ ಮೊದಲು ಹಾಸಿಗೆಯಿಂದಲೇ ಕಿಟಕಿಯ ಹೊರಗೆ ನೋಡುತ್ತ, "ಈ ಡೇರೆ ಒಂದು ತಪ್ಪಸಬ್ಯಾಡ್ರಿ" ಅಂದಳು. ಮತ್ತೇನೂ ಕೇಳಲಿಲ್ಲ. ವರ್ಷದ ದಿನ ಆಕೆಯನ್ನು ಮಣ್ಣು ಮಾಡಿದ ಗದ್ದುಗೆಯ ಮೇಲೆ ಇದೇ ಹೂವು ಇಡಬೇಕು ಅಂತ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಲಸಿಕೆ ಪೆಟ್ಟಿಗೆ

ಆಕೆಯ ಪದ್ಧತಿ ಸರಳ. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ತೊಳೆಯದೆ, ನೆರಳಿಗೆ ಒಣಹಾಕಿ, ಒಲೆಯ ಬೂದಿ ತುಂಬಿದ ಗಡಿಗೆಯಲ್ಲಿ ಹುಗಿದು ಅಟ್ಟದ ಮೇಲೆ ಇಡುವುದು. ಮುಂಗಾರಿಗೆ ಮೊದಲು ಇಳಿಸಿ, ಯಾವುದಕ್ಕೆ ಕಣ್ಣಿದೆ, ಯಾವುದು ಚಿಗುರುವುದಿಲ್ಲ ಅಂತ ಬೆರಳಿನಿಂದ ಮುಟ್ಟಿಯೇ ಹೇಳುತ್ತಿದ್ದಳು. "ಇದು ಗಬ್ಬ ಐತಿ. ಇದು ಗೊಡ್ಡು" ಅಂತ ನನ್ನ ದವಾಖಾನೆಯ ಮಾತಿನಲ್ಲೇ ನನ್ನನ್ನು ಕೆಣಕುತ್ತಿದ್ದಳು. ಸಾವಿರಾರು ಆಕಳುಗಳ ಗಬ್ಬ ನೋಡಿದ ನನಗೆ ಒಂದು ಗಡ್ಡೆಯ ಗಬ್ಬ ಮಾತ್ರ ಕಡೆಯವರೆಗೂ ತಿಳಿಯಲಿಲ್ಲ.

ನನಗೆ ಬೂದಿಯ ಮೇಲೆ ನಂಬಿಕೆ ಬರಲಿಲ್ಲ. ಆಕೆಯ ಕಡೆಯ ಗಡ್ಡೆಗಳು, ಏನಾದರೂ ಆದೀತು ಅನ್ನುವ ಭಯ. ಒಂದೊಂದನ್ನೂ ತಿಕ್ಕಿ ತೊಳೆದೆ. ಔಷಧದ ನೀರಿನಲ್ಲಿ ಅದ್ದಿದೆ. ಮನೆಯಲ್ಲಿದ್ದ ಹಳೆಯ ಲಸಿಕೆ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿದೆ. ಗಾಳಿ ಆಡದಂತೆ ಮುಚ್ಚಳಕ್ಕೆ ಮೂರು ಸುತ್ತು ಟೇಪು ಹಚ್ಚಿ, ಮೇಲೆ ದಿನಾಂಕ ಬರೆದು, ರೂಢಿಯ ಪ್ರಕಾರ ಸಹಿಯನ್ನೂ ಮಾಡಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಸರಕಾರದ ಕೆಲಸವನ್ನೂ ಮಾಡಿರಲಿಲ್ಲ.

ವೈಶಾಖದಲ್ಲಿ ಅಂಗಳಕ್ಕೆ ತಂದು ಟೇಪು ಬಿಚ್ಚಿದೆ. ಒಳಗೆ ಗಡ್ಡೆಗಳಿರಲಿಲ್ಲ, ಕರಿ ಲೋಳೆ ಇತ್ತು. ಕೈ ಹಾಕಿ ಹುಡುಕಿದೆ, ಒಂದಾದರೂ ಗಟ್ಟಿ ಉಳಿದಿದೆಯೇನೋ ಅಂತ. ಇಲ್ಲ. ಅಷ್ಟರಲ್ಲಿ ನಾತಕ್ಕೆ ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು ಗೋಡೆಯ ಆಚೆಯಿಂದ ಇಣುಕಿದಳು.

"ಡಾಕ್ಟ್ರ, ರಿಟೈರ್ ಆಗೇನಿ ಅಂದಿದ್ರಿ. ಈಗ ಸತ್ತದ್ದನ್ನ ಮನೀಗೇ ತಂದು ಕೊಯ್ಯಾಕತ್ತೀರೇನು?"

ಎಮ್ಮೆಯ ಕಾಲ ಕೆಳಗೆ

ರೋಹಿಣಿ ಮಳೆ ಹತ್ತಿರ ಬಂದಿತ್ತು. ಆ ಮಳೆ ಮುಗಿಯುವುದರೊಳಗೆ ಗಡ್ಡೆ ಮಣ್ಣಿಗೆ ಬಿದ್ದರೆ ಭಾದ್ರಪದಕ್ಕೆ ಹೂವು, ಇಲ್ಲವಾದರೆ ಇಲ್ಲ. ನರ್ಸರಿಗಳಲ್ಲಿ ಡೇರೆ ಸಿಗುತ್ತದೆ, ಹಳದಿ, ಗುಲಾಬಿ, ಬೇಕಾದ ಬಣ್ಣ. ಆದರೆ ಆಕೆಯದು ಸಿಗುವುದಿಲ್ಲ. ಮೊದಲು ಆಕೆಯ ತವರಿಗೇ ಹೋದೆ.

ಆಕೆಯ ತಮ್ಮ ಚಹಾ ಕೊಟ್ಟು, ನಾನು ಬಂದ ಕಾರಣ ಕೇಳಿ, ಮುಖ ಸಣ್ಣದು ಮಾಡಿದ. ಹಿತ್ತಲಲ್ಲಿ ಡೇರೆ ಇದ್ದ ಜಾಗದ ಮೇಲೆ ಹೋದ ವರ್ಷ ಕೊಟ್ಟಿಗೆ ಕಟ್ಟಿಸಿದ್ದ. ನೆಲಕ್ಕೆ ಸಿಮೆಂಟು. ಹಿತ್ತಲ ಬಾಗಿಲಿನಿಂದ ಒಂಬತ್ತು ಹೆಜ್ಜೆ ಎಣಿಸಿ, ಮಲಗಿದ್ದ ಎಮ್ಮೆಯ ಹಿಂಗಾಲಿನ ಹತ್ತಿರ ನಿಂತು ಹಿಮ್ಮಡಿಯಿಂದ ನೆಲ ಬಡಿದ.

"ಇಲ್ಲೇ ಐತ್ರಿ ಮಾವ. ಬರೋಬ್ಬರಿ ಇಲ್ಲೇ."

ಇಬ್ಬರೂ ಆ ಸಿಮೆಂಟನ್ನು ಬಗ್ಗಿ ನೋಡಿದೆವು. ಅವನ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಎಮ್ಮೆ ಮೆಲುಕು ಹಾಕುತ್ತ ನಮ್ಮಿಬ್ಬರನ್ನೂ ನೋಡಿತು.

"ಎಬ್ಬಸ್ಲೇನ್ರಿ? ಒಡೀತೇನಿ. ಅಕ್ಕನ ಸಲುವಾಗಿ ಒಡೀತೇನಿ" ಅಂದ.

ನಾನು ರೂಢಿಯಂತೆ ಎಮ್ಮೆಯ ಹೊಟ್ಟೆ ಮುಟ್ಟಿ ನೋಡಿದೆ. ದಿನ ತುಂಬಿತ್ತು. ಎಬ್ಬಿಸಬೇಡ ಅಂದೆ. ಬಸ್ ಹತ್ತಿಸಲು ಬಂದವನು ಕಿಟಕಿಯಲ್ಲಿ ಕೈ ಹಿಡಿದು, ಬಹಳ ಮನಸ್ಸಿಟ್ಟು ಹೇಳಿದ:

"ಚಿಂತಿ ಮಾಡಬ್ಯಾಡ್ರಿ ಮಾವ. ಅದು ಚಿಗತ್ರ ಫೋನ್ ಮಾಡ್ತೇನಿ."

ನನ್ನದೇ ಔಷಧ

ಸವಣೂರಿನಲ್ಲಿ ನನ್ನ ಕೈಕೆಳಗೆ ಅಟೆಂಡರ್ ಆಗಿದ್ದವನ ಹೆಂಡತಿಗೆ ನಾವು ಭಾಭಿ ಅನ್ನುತ್ತಿದ್ದೆವು. ನನ್ನ ಹೆಂಡತಿ ಉಡಿ ತುಂಬಿದಾಗ ಭಾಭಿ ದುಪಟ್ಟಾ ಒಡ್ಡಿ ತೆಗೆದುಕೊಂಡಿದ್ದರು. ಅಂಗಳದಲ್ಲಿ ನೆಟ್ಟು ಜೋಪಾನ ಮಾಡಿದ್ದರು ಕೂಡ.

"ಖರೇ ಹೇಳ್ತೇನ್ರಿ ಡಾಕ್ಟರ್ ಸಾಬ್, ಹೂವು ಮಾತ್ರ ಒಮ್ಮೀನೂ ನೋಡಿಲ್ಲ. ಮೊಣಕಾಲ ಮಟಾ ಬರತೈತಿ, ಆಡು ತಿಂತೈತಿ. ಮತ್ತ ಬರತೈತಿ, ಮತ್ತ ತಿಂತೈತಿ."

ಗಿಡ ಹೋದರೆ ಹೋಗಲಿ, ಗಡ್ಡೆ ನೆಲದಲ್ಲಿ ಇರಬೇಕಲ್ಲ ಅಂದೆ. ಭಾಭಿ ಬೆರಗಾಗಿ ನನ್ನನ್ನೇ ನೋಡಿದರು.

"ಅಲ್ರಿ, ಹೋದ ತಿಂಗಳ ಫೋನ್ ಮಾಡಿದ್ದೆ, ನೆನಪಿಲ್ಲೇನು? ಈದ ಮ್ಯಾಲ ಆಡು ಮೇವು ಮುಟ್ಟವಲ್ದು ಅಂದೆ. ಹಸಿ ಗಡ್ಡಿ ಏನರ ಇದ್ರ ಹೆಚ್ಚಿ ಹಾಕ್ರಿ ಅಂದ್ರಿ. ಮನಿಯಾಗ ಇದ್ದದ್ದು ಅದೊಂದ."

ನೆನಪಿತ್ತು. ಗಜ್ಜರಿ, ಅಂದರೆ ಕ್ಯಾರೆಟ್ಟು, ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿದ್ದೆ. ಆಡನ್ನು ನೋಡಿದೆ. ಕಣ್ಣು ಹೊಳಪಿತ್ತು, ಮೈ ತುಂಬಿತ್ತು, ಎರಡು ಮರಿಗಳು ಜಿಗಿದಾಡುತ್ತಿದ್ದವು. ವೈದ್ಯನಾಗಿ ನನಗೆ ಸಂತೋಷವೇ ಆಗಬೇಕು. ಎಲೆ ಅಡಿಕೆ ಕಟ್ಟಿಕೊಡುತ್ತ ಭಾಭಿ ಸಣ್ಣ ದನಿಯಲ್ಲಿ ಅಂದರು:

"ಇನ್ನೊಂದು ಆಡಿಗೂ ಹಂಗ ಆಗೈತ್ರಿ. ನಿಮ್ಮ ಮನಿಯಾಗ ಇನ್ನಷ್ಟು ಗಡ್ಡಿ ಇದ್ರ ಕಳಸ್ರಿ."

ಜಗಲಿಯ ಮೇಲೆ

ಶಿಗ್ಗಾಂವಿಯಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಅಜ್ಜಿಗೆ ಈಗ ಎಂಬತ್ತು ದಾಟಿದೆ. ಗಡ್ಡೆಯ ಮಾತು ಎತ್ತಿದ ಕೂಡಲೇ ಮುಖ ಅರಳಿತು.

"ಐತಪ್ಪಾ. ಎಲ್ಲಿ ಹೊಕ್ಕೈತಿ? ನಾ ಬಿಟ್ಟು ಕೊಡ್ತೇನೇನು?"

ನನಗೆ ಜೀವ ಬಂದಂತಾಯಿತು. ಕಾಲು ತೊಳೆದುಕೊಂಡು ಒಳಗೆ ಬರಲು ಹೇಳಿದಳು. ಗಡ್ಡೆ ನೋಡಲು ಕಾಲು ಯಾಕೆ ತೊಳೆಯಬೇಕು ಅಂತ ನನಗೆ ಆಗ ಹೊಳೆಯಲಿಲ್ಲ. ನೇರವಾಗಿ ದೇವರ ಜಗಲಿಯ ಮುಂದೆ ನಿಲ್ಲಿಸಿದಳು. ದೇವರುಗಳ ಸಾಲಿನಲ್ಲಿ ಒಂದು ಹಿತ್ತಾಳೆ ತಟ್ಟೆ, ಅದರಲ್ಲಿ ವಿಭೂತಿ ಬಳಿದು ಕುಂಕುಮ ಹಚ್ಚಿದ ನಾಲ್ಕು ಗಡ್ಡೆ. ಒಣಗಿ ಕಟ್ಟಿಗೆಯಾಗಿದ್ದವು. ಮೇಲೆ ಆವತ್ತಿನ ಹಸಿ ಮಲ್ಲಿಗೆ.

"ಮಣ್ಣಾಗ ಹುಗೀರಿ ಅಂತ ಹೇಳಿದ್ಲಪ್ಪಾ ನಿನ್ನ ಹೇಣ್ತಿ. ಉಡಿಯಾಗ ಬಂದದ್ದನ್ನ ಮಣ್ಣಾಗ ಹುಗಿಯೂದು ಹೆಂಗ? ನನಗ ಮನಸ್ಸ ಬರಲಿಲ್ಲ."

ಹನ್ನೆರಡು ವರ್ಷ, ಒಂದು ದಿನ ತಪ್ಪದೆ ಪೂಜೆ. ಮೊಮ್ಮಗಳಿಗೆ ಗಂಡು ಸಿಕ್ಕದ್ದು ಇದರಿಂದಲೇ ಅಂದಳು. ಕೊಡು ಅನ್ನುವುದು ದೂರ, ಮುಟ್ಟುವ ಧೈರ್ಯವೂ ಆಗಲಿಲ್ಲ. ಸುಮ್ಮನೆ ಕೈ ಮುಗಿದೆ. ಅಜ್ಜಿ ಕಿವಿಯ ಹತ್ತಿರ ಬಂದಳು.

"ಏನರ ಬೇಡ್ಕೊಳ್ಳೂದಿದ್ರ ಬೇಡ್ಕೊ. ಕೊಡತೈತಿ."

ಮತ್ತೇನು ಬೇಡಲಿ? ಕಣ್ಣು ಮುಚ್ಚಿ, ಆ ಗಡ್ಡೆಯ ಮುಂದೆ ನಿಂತು, ಗಡ್ಡೆಯನ್ನೇ ಬೇಡಿಕೊಂಡೆ.

ಮಾಸೂರಿನಲ್ಲಿ ಉಡಿ

ರೋಹಿಣಿ ಮಳೆ ಎರಡು ಸಲ ಬಿದ್ದ ಮೇಲೆ ಮಾಸೂರಿಗೆ ಹೋದೆ. ಇಲ್ಲೂ ಇಲ್ಲವೆಂದರೆ ಮುಗಿಯಿತು. ಇಲ್ಲಿ ನನ್ನ ಹೆಂಡತಿ ಗಡ್ಡೆ ಕೊಟ್ಟದ್ದು ಗೌಡತಿ ಅಂತ ಊರೆಲ್ಲ ಕರೆಯುವ ಹಿರಿಯಳಿಗೆ. ಮದಗದ ಕೆರೆಯ ನೀರು ಹರಿಯುವ ಹೊಲದವರು, ಮನೆಯಲ್ಲಿ ಇಬ್ಬರು ಸೊಸೆಯರು. ನನ್ನ ಹೆಂಡತಿಯ ಮಣ್ಣಿಗೆ ಗೌಡತಿ ಬಂದು ಹೋಗಿದ್ದಳು.

ವಿಷಯ ಹೇಳಿದೆ. ಗೌಡತಿ ಎದ್ದು ಅಟ್ಟದಿಂದ ಗಡಿಗೆ ಇಳಿಸಿದಳು. ಬೂದಿಯಲ್ಲಿ ಕೈ ಆಡಿಸಿ ಒಂದು ಗೊಂಚಲು ತೆಗೆದಳು. ತುಂಬಿಕೊಂಡ ಗಡ್ಡೆ, ಕುತ್ತಿಗೆಯ ಹತ್ತಿರ ಬೆಳ್ಳನೆಯ ಮೊಳಕೆ. ನನಗೂ ತಿಳಿಯಿತು, ಇದು ಗಬ್ಬ. ಕೈ ಚಾಚಿದೆ. ಗೌಡತಿ ಗೊಂಚಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಹಂಗ ಕೊಡಾಕ ಬರಂಗಿಲ್ರಿ ಡಾಕ್ಟ್ರ. ಇದು ಉಡಿಯಾಗ ಬಂದದ್ದು. ಬಂದ ಮನೀಗೆ ಕೈಯಾಗ ತಿರುಗಿ ಕೊಟ್ರ, ಆಕಿ ಕೊಟ್ಟದ್ದು ಬ್ಯಾಡ ಅಂದಂಗ ಆಕ್ಕತಿ. ಉಡಿ ತುಂಬೇ ಕೊಡಬೇಕು."

"ಯಾರಿಗೆ ತುಂಬ್ತೀರಿ? ಮನಿಯಾಗ ನಾ ಒಬ್ಬನ" ಅಂದೆ.

ಹಿರಿಯ ಸೊಸೆ ಮೆಲ್ಲಗೆ, "ಗಂಡಸರಿಗೆ ಉಡಿ ತುಂಬಿದ್ದು ಎಲ್ಲೂ ಕೇಳಿಲ್ರಿ ಅತ್ತಿ" ಅಂದಳು.

ಗೌಡತಿ ತೀರ್ಪು ಕೊಟ್ಟಳು. "ಆಕಿ ಮುತ್ತೈದಿಯಾಗಿ ಹೋದಾಕಿ. ಆಕಿ ಉಡಿ ಖಾಲಿ ಇರಬಾರದು. ಆಕಿ ಪರವಾಗಿ ಇವರು ಕುಂಡ್ರಲಿ."

ನಕ್ಕುಬಿಡುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ನೆರೆಮನೆಗಳಿಂದ ಇನ್ನಿಬ್ಬರನ್ನು ಕರೆಸಿ ಐದು ಮಂದಿ ಮುತ್ತೈದೆಯರ ಲೆಕ್ಕ ಸರಿ ಮಾಡಿದರು. ಮಣೆ ಹಾಕಿದರು, ಮೂಡಣಕ್ಕೆ ಮುಖ. ಅರವತ್ತೆರಡು ವರ್ಷದವನು, ಇಷ್ಟು ಮೀಸೆ ಇಟ್ಟುಕೊಂಡು, ತೊಡೆಯ ಮೇಲೆ ಟವೆಲ್ ಒಡ್ಡಿ ಕುಳಿತೆ. ಅರಿಶಿಣ ಹಚ್ಚುವುದೋ ಬಿಡುವುದೋ ಅಂತ ಸ್ವಲ್ಪ ಚರ್ಚೆಯಾಗಿ ಹಣೆಗೆ ವಿಭೂತಿ ಅಂತ ನಿಕ್ಕಿಯಾಯಿತು. ಒಬ್ಬೊಬ್ಬಳೇ ಬಂದು ಬೊಗಸೆಯಲ್ಲಿ ಅಕ್ಕಿ ಹಾಕಿದಳು. ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು, ಹಸಿರು ಕುಬಸದ ಕಣ. ಎಲ್ಲದರ ಮೇಲೆ ಆ ಗೊಂಚಲು. ಭಾರ ತೊಡೆಯ ಮೇಲೆ ಬಿದ್ದಾಗ ನನಗೆ ಅಳು ತಡೆಯಲಾಗಲಿಲ್ಲ.

ಎದ್ದೇಳಲು ಹೋದೆ. ಗೌಡತಿ ಹೆಗಲು ಒತ್ತಿ ಕೂಡಿಸಿದಳು.

"ಹೆಸರು ಹೇಳ್ರಿ."

ಉಡಿ ತುಂಬಿಸಿಕೊಂಡವಳು ಗಂಡನ ಹೆಸರು ಹೇಳದೆ ಏಳುವ ಹಾಗಿಲ್ಲ. ಯಾರ ಹೆಸರು ಅಂತ ಕೇಳಿದೆ.

"ಆಕಿ ಕುಂತಿದ್ರ ನಿಮ್ಮ ಹೆಸರು ಹೇಳ್ತಿದ್ಲು. ನೀವು ಕುಂತೀರಿ, ಆಕಿ ಹೆಸರು ಹೇಳ್ರಿ."

ಮೂವತ್ತಾರು ವರ್ಷದ ಸಂಸಾರದಲ್ಲಿ ನಾನು ಆಕೆಯನ್ನು "ಏ" ಅಂದಿದ್ದೇನೆ, "ಇಲ್ಲಿ ಕೇಳು" ಅಂದಿದ್ದೇನೆ. ಹೆಸರು ಹಿಡಿದು ಕರೆದದ್ದಿಲ್ಲ. ನಮ್ಮ ಕಾಲದಲ್ಲಿ ಹಾಗೆ ಕರೆಯುತ್ತಿರಲಿಲ್ಲ. ಈಗ ಬಾಯಿ ತೆರೆದರೆ ನಾಲಿಗೆ ಏಳಲಿಲ್ಲ. ಕಿರಿಯ ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ನನ್ನ ಅವಸ್ಥೆಗೆ ನಗುತ್ತಿದ್ದಾಳೆ ಅಂದುಕೊಂಡೆ.

"ಸುಶೀಲಾ" ಅಂದೆ.

"ಕೇಳಸಲಿಲ್ಲ. ಜೋರಾಗಿ ಹೇಳ್ರಿ."

ಉಸಿರು ತುಂಬಿಕೊಂಡು, ಇದ್ದಷ್ಟು ದನಿ ತೆಗೆದು ಕೂಗಿದೆ. "ಸುಶೀಲಾ."

ಹಿಂದಿನ ಕೊಟ್ಟಿಗೆಯಿಂದ ಆಕಳೊಂದು "ಅಂಬಾ" ಅಂತ ಓಗೊಟ್ಟಿತು.

ಗೌಡತಿ ತಲೆ ತಗ್ಗಿಸಿದಳು. "ತಪ್ಪು ತಿಳ್ಕೋಬ್ಯಾಡ್ರಿ ಡಾಕ್ಟ್ರ. ನೀವು ಊರು ಬಿಟ್ಟ ವಾರ ಹುಟ್ಟಿದ ಕರ ಅದು. ಆಕಿ ಊರು ಬಿಟ್ಟು ಹೋದ್ಲಲ್ಲ, ಹೆಸರರ ಮನಿಯಾಗ ಇರ್ಲಿ ಅಂತ ಇಟ್ವಿ. ಹತ್ತು ವರ್ಷಾತು, ಮುಂಜಾನೆ ಸಂಜಿ ಕರೀತೇವಿ."

ಸೊಸೆಯಂದಿರಿಗೆ ಇನ್ನು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ನಗುತ್ತ, ಅಳುತ್ತ, ಉಡಿಯ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿದೆ. ಗೊಂಚಲನ್ನು ಎದೆಗೆ ಒತ್ತಿ ಹಿಡಿದು ಮತ್ತೊಂದು ಸಲ ಕರೆದೆ. ಮತ್ತೆ ಓಗೊಟ್ಟಿತು. ಇನ್ನೊಂದು ಸಲ ಕರೆದೆ.

"ಸಾಕ್ರಿ" ಅಂದಳು ಗೌಡತಿ, ಕಣ್ಣೊರಸಿಕೊಳ್ಳುತ್ತ. "ಇಷ್ಟು ಕರದ್ರ ಆಕಿ ಹಗ್ಗ ಹರಕೊಂಡು ಬಂದುಬಿಡ್ತಾಳ."