ಬಿಸಿ ಪೆಟ್ಟಿಗೆಯ ಹುಳಗಳು

ನನ್ನ ಕಸುಬನ್ನು ಯಾರಿಗಾದರೂ ವಿವರಿಸಲು ಹೋಗಿ ಕೊನೆಗೆ ನಾನೇ ಗೊಂದಲಕ್ಕೆ ಬೀಳುವುದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ನಾನು ಪಿಎಚ್‌ಡಿಗಾಗಿ ಕೂದಲಿಗಿಂತ ಸಣ್ಣ ದುಂಡುಹುಳಗಳನ್ನು ಸಾಕುತ್ತಿದ್ದೆ.

೧

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅಡರಕಟ್ಟಿಯ ರೈತರೊಬ್ಬರು ಕೇಳಿದರು, "ಏನ ಕೆಲಸರಿ?"

"ಹುಳ ಸಾಕತೇನ್ರಿ."

ಅವರು ನನ್ನ ಕಡೆ ತಿರುಗಿ ಕುಳಿತರು. "ನಾವು ಔಷಧ ಹೊಡದು ಹೊಡದು ಸಾಕಾಗೇತ್ರಿ. ಮೊದಲs ನೀವು ಸಿಕ್ಕಿದ್ರ ಎಲ್ಲಾ ನಿಮ್ಮನಿಗೇ ತಂದ ಬಿಡತಿದ್ವಿ."

೨

ಮುಂಡರಗಿಯಿಂದ ಬಂದಿದ್ದ ಅತ್ತೆಗೆ ತಿಳಿಸಿ ಹೇಳಿದೆ: "ಬಿಸಿ ತಾಕಿದ ಕೂಡಲೇ ಹುಳದ ತಲ್ಯಾಗಿನ ನರ ಒಂದು ಹಾರ್ಮೋನ್ ಬಿಡತೈತ್ರಿ. ಅದು ಹೊಟ್ಟಿಗೆ ಹೋಗಿ, ತ್ರಾಸ ಬಂತು, ತಯಾರಾಗು ಅಂತ ಹೇಳತೈತಿ."

ಅತ್ತೆ ತಲೆಯಾಡಿಸಿದರು. "ನಿಮ್ಮ ಮಾವಾರಿಗೆ ಆ ನರಾ ಇಲ್ಲ ನೋಡ್ರಿ. ನಾ ಎಷ್ಟ ಬೈದರೂ ಹೊಟ್ಟಿಗೆ ಸುದ್ದೀನs ಮುಟ್ಟೂದಿಲ್ಲ. ಇನ್ನೊಂದು ರೊಟ್ಟಿ ಹಾಕು ಅಂತಾರ."

೩

ಆ ಹಾರ್ಮೋನ್ ಇಲ್ಲದ ಹುಳಗಳೂ ನನ್ನಲ್ಲಿದ್ದವು. ಬಿಸಿ ಪೆಟ್ಟಿಗೆಯಲ್ಲಿಟ್ಟರೆ ಅವು ಸಾಯಬೇಕು. ಸತ್ತರೇ ನನ್ನ ಪ್ರಬಂಧ ಉಳಿಯುವುದು. ಆದರೆ ಬೆಳಿಗ್ಗೆ ಇಟ್ಟು ಪಾಠಕ್ಕೆ ಹೋಗಿ ಬಂದು ನೋಡಿದರೆ ಎಲ್ಲವೂ ಹಾಯಾಗಿ ಹರಿದಾಡುತ್ತಿದ್ದವು. ಹತ್ತು ಸಲ ಹೀಗೇ ಆಯಿತು. ತಪ್ಪಿದ್ದು ಹುಳವೋ ನಾನೋ ತಿಳಿಯದೆ ನನಗೆ ಊಟವೇ ಸೇರದಾಯಿತು. ಮೂರು ವರ್ಷದ ಕೆಲಸ ನೀರುಪಾಲಾಗುತ್ತದೆಂದು ಹೆದರಿ, ಧಾರವಾಡದಿಂದ ನನ್ನ ಪಿಎಚ್‌ಡಿ ಗೈಡ್‌ರನ್ನು ಕರೆಸಿದೆ.

ಅವರೆದುರಿಗೇ ಎರಡೂ ಬಗೆಯ ಹುಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪಕ್ಕದ ಕೋಣೆಯಲ್ಲಿ ಚಹಾಕ್ಕೆ ಕುಳಿತೆವು. ಬಾಗಿಲಿನಿಂದ ನೋಡಿದರೆ, ನಮ್ಮ ಪ್ರಯೋಗಾಲಯದ ಜವಾನ ಚಾಚಾ ಪೆಟ್ಟಿಗೆಯ ಬಾಗಿಲು ತೆರೆದು ಮೇಲೆ ಒದ್ದೆ ಗೋಣಿತಟ್ಟು ಹೊದಿಸುತ್ತಿದ್ದರು.

"ಚಾಚಾ, ಏನ ಮಾಡಾಕತ್ತೀರಿ?" ಎಂದು ಕೇಳಿದೆ.

"ದಿನಾ ಮಾಡೂದs ಸರ. ಇಂಥಾ ಬ್ಯಾಸಿಗ್ಯಾಗ ನೀವು ಪೆಟ್ಟಿಗಿ ಬಿಸಿ ಇಟ್ಟು ಮರತು ಹೋಗತೀರಿ. ಹುಳಕ್ಕೂ ಜೀವ ಐತಲ್ರಿ. ನಿಮಗ ನಾಚಿಕಿ ಆಗಬಾರದಂತ, ನೀವು ಬರೂದ್ರಾಗ ಗೋಣಿ ತಗದು ಬಾಗಲಾ ಹಾಕತೇನಿ."

ಗೈಡ್ ಗೋಣಿ ತೆಗೆಸಿ, ಪೆಟ್ಟಿಗೆಗೆ ಕೀಲಿ ಜಡಿದು ಕೀಲಿಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಸಂಜೆಗೆ ಹಾರ್ಮೋನ್ ಇದ್ದವು ಬದುಕಿದ್ದವು, ಇಲ್ಲದವು ಸತ್ತಿದ್ದವು. ಸಾವು ಕಂಡು ನಾನು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ.

ಗೈಡ್ ನಕ್ಕು, "ಚಾಚಾ, ಹಾರ್ಮೋನ್ ಮಾಡೂ ಕೆಲಸ ಇಷ್ಟ ದಿನ ನೀವು ಮಾಡತಿದ್ರಿ," ಎಂದರು.

ಚಾಚಾ ಸತ್ತ ಹುಳಗಳ ತಟ್ಟೆಯನ್ನು ನೋಡುತ್ತ ನಿಟ್ಟುಸಿರು ಬಿಟ್ಟರು. "ಕೀಲಿಕೈ ನನ್ನ ಕಡೆ ಕೊಟ್ಟಿದ್ರ ಇವತ್ತೂ ಮಾಡತಿದ್ದೆ, ಸರ."